ಅತ್ತೆಗೆ ಬಂದ ಸ್ಕ್ರ್ಯಾಪುಗಳು

ನಮ್ಮತ್ತೆಗೆ ಇದ್ದಷ್ಟು ಸ್ನೇಹಿತರು ಹೊಸಪೇಟೆಯ ಯಾವ ರಾಜಕಾರಣಿಗೂ ಇರಲಿಲ್ಲ. ಬೇಕಾದರೆ ಪಣ ಕಟ್ಟುತ್ತೇನೆ. ಅವರಲ್ಲಿ ಅರ್ಧ ಜನ ಯಾರೆಂದು ಅತ್ತೆಗೆ ಗೊತ್ತಿರಲಿಲ್ಲ, ಇನ್ನರ್ಧ ಜನಕ್ಕೆ ಅತ್ತೆ ಯಾರೆಂದು ಗೊತ್ತಿರಲಿಲ್ಲ. ಅದೊಂದನ್ನು ಬಿಟ್ಟರೆ ಆ ಸ್ನೇಹಗಳಲ್ಲಿ ಯಾವ ಕೊರತೆಯೂ ಇರಲಿಲ್ಲ!

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ “ಲೈನ್ ಬಿಜಿ ಇತ್ತು” ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅದು ಪೂರ್ತಿ ತಮಾಷೆಯ ಮಾತೇನಲ್ಲ. ಆಕೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜನ ತಾವೇ ನಂಬರು ತಿರುಗಿಸಿ ದೇಶವನ್ನೆಲ್ಲ ಮಾತಾಡಿಸುವ ಕಾಲ ಬರುವ ಮೊದಲು, ಬೆಂಗಳೂರಿಗೋ ಹುಬ್ಬಳ್ಳಿಗೋ ಫೋನು ಮಾಡಬೇಕಾದವರು ಮೊದಲು ನಮ್ಮತ್ತೆಯನ್ನು ಮಾತಾಡಿಸಬೇಕಿತ್ತು. ಹಾಗಾಗಿ ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಪಾಲು, ಯಾರ ಮಗಳು ಗಂಡನ ಮನೆಗೆ ಮರಳಲು ಒಲ್ಲೆ ಅಂದಳು, ಎಲ್ಲವೂ ಆಕೆಗೆ ತಿಳಿಯುತ್ತಿತ್ತು. ಕದ್ದು ಕೇಳುತ್ತಿದ್ದಳೆ? ಛೆ, ಎಲ್ಲಾದರೂ ಉಂಟೆ? ಲೈನು ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದಳು, ಅಷ್ಟೆ. ಒಮ್ಮೆ ಮಾವ ಅಳಿಯಂದಿರ ವಾಗ್ವಾದವನ್ನು ಹಾಗೆ ನೋಡುತ್ತಿದ್ದವಳು ತಡೆಯಲಾರದೆ, ಅಳಿಯ ಹೇಳುವುದೇ ಸರಿ ಎಂದು ನಡುವೆ ಬಾಯಿ ಹಾಕಿ ಮೇಲಧಿಕಾರಿಯಿಂದ ಬೈಸಿಕೊಂಡಳಂತೆ. ಅಳಿಯ ಮಾತ್ರ ಮರುದಿನ ಎಕ್ಸ್‌ಚೇಂಜಿಗೆ ಪೇಢೆ ಕಳಿಸಿದ್ದನಂತೆ.

ಆಮೇಲೆ ಯಂತ್ರ ಬಂತು. ಅತ್ತೆಯ ಕಿವಿಯಿಂದ ಊರನ್ನು ಕಿತ್ತುಕೊಂಡಿತು. ಬಿಲ್ಲಿನ ವಿಭಾಗದಲ್ಲಿ ಕೂರಿಸಿದರು. ಅಲ್ಲಿ ಬರೀ ನಂಬರುಗಳು, ಮಾತಿಲ್ಲ. ಸ್ವಯಂ ನಿವೃತ್ತಿಗೆ ಬೇಕಾದಷ್ಟು ವರ್ಷ ತುಂಬಿದ್ದೇ ಸಹಿ ಹಾಕಿ ಮನೆಗೆ ಬಂದಳು. ಬಂದವಳು ಕೂತಲ್ಲಿ ಕೂರಲಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ, ಬೀದಿಬಾಗಿಲಿನಿಂದ ಮತ್ತೆ ಪಡಸಾಲೆಗೆ. ಅಮ್ಮ ಅನ್ನಕ್ಕಿಟ್ಟರೆ ಮುಚ್ಚಳ ತೆಗೆದು ನೋಡುವಳು. ಅಪ್ಪ ಪೇಪರು ಓದುತ್ತಿದ್ದರೆ ಬೆನ್ನಹಿಂದೆ ನಿಂತು ಮುಂದಿನ ಪುಟ ಯಾವಾಗ ಎಂದು ಕೇಳುವಳು. ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಕೈಕಟ್ಟಿ ಕೂರುವ ಮಕ್ಕಳನ್ನಷ್ಟೇ ಕಂಡು ಬೆಳೆದ ಕಣ್ಣು ಅವರದು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಕೂತಲ್ಲಿ ಕೂರದವಳು ಅತ್ತೆಯೊಬ್ಬಳೇ ಅಲ್ಲ, ಇಡೀ ಊರೇ ಹಾಗಿತ್ತು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಕಾಲ ಅದು. ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಲು ತಪಸ್ಸು ಮಾಡಬೇಕಿತ್ತು. ಅದಿರಿನ ಧೂಳಿಗೆ ತುಳಸಿಯ ಎಲೆ ಕೆಂಪು, ಕಿಟಕಿಯ ಪರದೆ ಕೆಂಪು, ಒಣಹಾಕಿದ ಮಡಿಪಂಚೆ ಕೆಂಪು. ನಿನ್ನೆ ಸೈಕಲ್ಲಿನಲ್ಲಿ ಹೋದವನು ಇವತ್ತು ಜೀಪಿನಲ್ಲಿ ಬರುತ್ತಿದ್ದ, ನಾಳೆ ಏನಾಗುತ್ತಾನೆಂದು ನಮಗೂ ತಿಳಿಯದು, ಅವನಿಗೂ ತಿಳಿಯದು. ಎಲ್ಲರಿಗೂ ಎಲ್ಲಿಗೋ ಹೋಗುವ ಅವಸರ. ಅತ್ತೆಗೆ ಮಾತ್ರ ಹೋಗಲು ಜಾಗವಿರಲಿಲ್ಲ.

ಜಾಗ ತೋರಿಸಿದವಳು ನಾನೇ. ನಾನಾಗ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಪಕ್ಕದ ಮನೆಯ ಹುಡುಗಿಯ ಹತ್ತನೆಯ ತರಗತಿಯ ಫಲಿತಾಂಶ ನೋಡಲು ಬಸ್ ಸ್ಟಾಂಡಿನ ಹತ್ತಿರದ ಸೈಬರ್ ಅಂಗಡಿಗೆ ಹೋಗುವಾಗ ಅತ್ತೆಯೂ ಚಪ್ಪಲಿ ಮೆಟ್ಟಿದಳು. ಅಂಗಡಿಯ ಖಾಜಾ ಭಾಯಿ ಮೊದಲು ಅಲ್ಲೇ ಎಸ್.ಟಿ.ಡಿ. ಬೂತು ನಡೆಸುತ್ತಿದ್ದವರು. ಅತ್ತೆಯ ದೃಷ್ಟಿಯಲ್ಲಿ ಆಕೆಯ ಕೆಲಸ ಕಿತ್ತುಕೊಂಡವರ ವಂಶಕ್ಕೆ ಸೇರಿದವರು. ಆದರೂ ಒಳಗೆ ಬಂದಳು. ಹುಡುಗಿ ಪಾಸಾದದ್ದು ತಿಳಿಯಿತು. ಅಷ್ಟರಲ್ಲಿ ಅತ್ತೆ ಪಕ್ಕದ ಕಂಪ್ಯೂಟರಿನ ಪರದೆಯತ್ತ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಗಣಿ ಕಚೇರಿಯ ಒಬ್ಬ ತರುಣ, ಇಂಟರ್ನೆಟ್ಟಿನಲ್ಲಿ ಆಗಷ್ಟೇ ಬಂದಿದ್ದ ಸ್ನೇಹಿತರ ತಾಣವೊಂದರಲ್ಲಿ ಯಾರಿಗೋ ಏನೋ ಬರೆಯುತ್ತಿದ್ದ.

“ಆಕಿ ಸಿಟ್ಟಾಗ್ಯಾಳ. ಮೊದಲ ತಪ್ಪಾತು ಅಂತ ಬರಿ. ಹವಾಮಾನದ ಸುದ್ದಿ ಆಮ್ಯಾಲೆ,” ಎಂದು ಅತ್ತೆ ಅವನಿಗೆ ಹೇಳಿದಳು.

ಅವನು ಬೆಚ್ಚಿಬಿದ್ದು ಹಾಗೇ ಬರೆದ. ಉತ್ತರ ಬಂತು. ಅವನ ಮುಖ ಅರಳಿದ್ದನ್ನು ನೋಡಿ ಅತ್ತೆಯ ಮುಖವೂ ಅರಳಿತು. ಅಲ್ಲಿಗೆ ಮುಗಿಯಿತು. ಮರುದಿನದಿಂದ ಮಧ್ಯಾಹ್ನದ ಊಟವಾದ ಕೂಡಲೇ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಹಳೆಯ ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟಳು.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದನ್ನು ಆಕೆ ಕಲಿತ ವೇಗ ನೋಡಿ ಖಾಜಾ ಭಾಯಿ ದಂಗಾದರು. ಊರಿನ ಹೆಸರು ಹೊಸಪೇಟೆ ಎಂದು ಹಾಕಿಕೊಂಡವರಿಗೆಲ್ಲ ಸ್ನೇಹದ ಕೋರಿಕೆ ಕಳಿಸಿದಳು. ಹೊಸಪೇಟೆ ಮುಗಿದ ಮೇಲೆ ಕಂಪ್ಲಿ, ಕಂಪ್ಲಿ ಮುಗಿದ ಮೇಲೆ ಸಂಡೂರು. ಒಪ್ಪಿದವರಿಗೆಲ್ಲ ಒಂದೇ ಪ್ರಶ್ನೆ: ನೀವು ಯಾರ ಪೈಕಿ? ಕಪ್ಪು ಕನ್ನಡಕ ಹಾಕಿ ಮೋಟರ್ ಸೈಕಲ್ಲಿಗೆ ಒರಗಿ ನಿಂತ ಪಡ್ಡೆ ಹುಡುಗರೆಲ್ಲ ಅಜ್ಜನ ಹೆಸರು, ಓಣಿಯ ಹೆಸರು ಹೇಳಿ ಸಭ್ಯರಾದರು. ಹಂಪಿಯ ನದಿಯಾಚೆ ತಂಗಿದ್ದ ವಿದೇಶಿ ಹುಡುಗಿಯೊಬ್ಬಳು ಅಂಗಡಿಗೆ ಬಂದಾಗ ಅವಳನ್ನೂ ಸೇರಿಸಿಕೊಂಡಳು. ಆ ಹುಡುಗಿ ತನ್ನೂರಿಗೆ ಮರಳಿದ ಮೇಲೂ, ಹೊಟ್ಟೆ ಕೆಟ್ಟಾಗ ಮಜ್ಜಿಗೆಗೆ ಇಂಗು ಎಷ್ಟು ಹಾಕಬೇಕು ಎಂದು ಅತ್ತೆಯನ್ನೇ ಕೇಳುತ್ತಿದ್ದಳು.

ಆ ತಾಣದಲ್ಲಿ ಒಬ್ಬರ ಪುಟದ ಮೇಲೆ ಇನ್ನೊಬ್ಬರು ಬರೆಯುವ ಚುಟುಕು ಮಾತಿಗೆ ಸ್ಕ್ರ್ಯಾಪ್ ಎಂದು ಹೆಸರು. ಬೇರೆ ಊರಿನಲ್ಲಿ ಆ ಹೆಸರಿಂದ ಏನೂ ತೊಂದರೆ ಆಗುತ್ತಿರಲಿಲ್ಲ. ಆದರೆ ನಮ್ಮದು ಕಬ್ಬಿಣದ ಊರು. ಒಂದು ಸಂಜೆ ಅತ್ತೆ ತರಕಾರಿ ಅಂಗಡಿಯಲ್ಲಿ ನಿಂತು, ಇವತ್ತು ನನಗೆ ವಿಪರೀತ ಸ್ಕ್ರ್ಯಾಪು ಬಂದಿವೆ, ಮುಂಬಯಿಯಿಂದ ಕೂಡ ಬಂದಿವೆ, ಎಲ್ಲಿ ಇಡಲಿ ಎಂದೇ ತಿಳಿಯುತ್ತಿಲ್ಲ ಎಂದು ಅಮ್ಮನಿಗೆ ಹೇಳುತ್ತಿದ್ದಳು. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಮಿನಿ ಲಾರಿ. ಇಳಿದವನು ಗುಜರಿ ವ್ಯಾಪಾರಿ. ಅಪ್ಪ ಏನು ಬೇಕೆಂದು ಕೇಳಿದರೆ, ಅಮ್ಮಾವರ ಮಾಲು ನೋಡಬೇಕಿತ್ತು ಎಂದ. ಅಪ್ಪನ ಕಿವಿ ಕೆಂಪಾಯಿತು. ಅತ್ತೆ ಹೊರಗೆ ಬಂದು ಅವನಿಗೆ ನೀರು ಕೊಟ್ಟು, ಎಲ್ಲ ವಿವರಿಸಿ, ಅವನ ಹೆಸರಲ್ಲೂ ಒಂದು ಪುಟ ತೆರೆಸುವುದಾಗಿ ಮಾತು ಕೊಟ್ಟು ಕಳಿಸಿದಳು. ತೆರೆಸಿದಳು ಕೂಡ. ಆತನ ವ್ಯಾಪಾರ ಮುಂದೆ ಕುದುರಿತಂತೆ, ಅದು ಬೇರೆ ಮಾತು.

ಇದರ ಅಪಾಯ ನಮಗೆ ಗೊತ್ತಾದದ್ದು ಅಪ್ಪನಿಗೆ ಮೂಲವ್ಯಾಧಿಯ ಆಪರೇಷನ್ ಆದಾಗ. ಅಪ್ಪ ಈ ಸಂಗತಿಯನ್ನು ಸ್ವಂತ ತಮ್ಮನಿಗೂ ಹೇಳಿರಲಿಲ್ಲ. ಬೀದಿಯವರಿಗೆ ಬೆನ್ನುನೋವು ಎಂದಿದ್ದೆವು. ಅತ್ತೆ ಮಾತ್ರ ತನ್ನ ಪುಟದಲ್ಲಿ, ಅಣ್ಣನಿಗೆ ಇಂಥ ಕಡೆ ಇಂಥ ಆಪರೇಷನ್ ಆಗಿದೆ, ಕೂರಲು ಆಗುತ್ತಿಲ್ಲ, ಹಳೆಯ ವಿದ್ಯಾರ್ಥಿಗಳು ಬಂದು ಮಾತಾಡಿಸಿದರೆ ಅವನಿಗೆ ಹಗುರಾಗುತ್ತದೆ ಎಂದು ಜಗತ್ತಿಗೇ ತಿಳಿಸಿಬಿಟ್ಟಳು! ಸಾಲುಗಟ್ಟಿ ಬಂದರು. ಮರಿಯಮ್ಮನಹಳ್ಳಿಯಿಂದ ಬಂದರು, ಕಂಪ್ಲಿಯಿಂದ ಬಂದರು. ಲಾರಿಗಳ ಮಾಲೀಕನಾಗಿದ್ದ ಒಬ್ಬ ಹಳೆಯ ವಿದ್ಯಾರ್ಥಿ ನಡುವೆ ತೂತಿರುವ ಗಾಳಿದಿಂಬಿಗೆ ಬಣ್ಣದ ಕಾಗದ ಸುತ್ತಿ, ಮೇಲೆ ರಿಬ್ಬನ್ನು ಕಟ್ಟಿ ತಂದಿದ್ದ. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಿರಿ ಸಾರ್, ಈಗ ನೀವೇ ಕೂರಲಾರದೆ ನಿಂತಿದ್ದೀರಿ ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಅಪ್ಪ ಅತ್ತೆಯೊಡನೆ ಮಾತು ಬಿಟ್ಟರು. ಆದರೆ ಆ ಲಾರಿ ಮಾಲೀಕ ಅವತ್ತು ಮಧ್ಯಾಹ್ನವಿಡೀ ಕೂತು, ಇಷ್ಟು ಹಣ ಬಂದ ಮೇಲೆ ನಿದ್ದೆ ಬರುತ್ತಿಲ್ಲ ಸಾರ್ ಎಂದು ಮನಸ್ಸು ಬಿಚ್ಚಿ ಹೋದ. ಮುಂದಿನ ವಾರವೂ ಬಂದ. ನಿವೃತ್ತರಾದ ಮೇಲೆ ಯಾರೂ ತಮ್ಮ ಸಲಹೆ ಕೇಳಿಲ್ಲವೆಂದು ಕೊರಗುತ್ತಿದ್ದ ಅಪ್ಪ ಅವನ ದಾರಿ ಕಾಯತೊಡಗಿದರು. ಮಾತು ಬಿಟ್ಟದ್ದನ್ನು ಮರೆತು ಅತ್ತೆಯನ್ನೇ ಕೇಳಿದರು, ಅವನೇನಾದರೂ ಬರೆದಿದ್ದಾನೆಯೇ ಎಂದು.

ಇನ್ನೊಂದು ಕಥೆ ಚಿಕ್ಕಪ್ಪನ ಮಗಳದು. ಅವಳಿಗೆ ಕಂಪ್ಲಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ವರನಿಗೆ ಗಣಿ ವ್ಯವಹಾರ, ದೊಡ್ಡ ಬಿಳಿ ಕಾರು, ಕಾರಿನ ಪಕ್ಕ ನಿಂತ ಫೋಟೋ. ಚಿಕ್ಕಪ್ಪ ಆಗಲೇ ಛತ್ರ ಹುಡುಕುತ್ತಿದ್ದರು. ಅತ್ತೆ ಸೈಬರ್ ಅಂಗಡಿಯಲ್ಲಿ ವರನ ಪುಟ ತೆರೆದಳು. ಅಲ್ಲಿಂದ ಅವನ ಗೆಳೆಯರ ಪುಟ, ಗೆಳೆಯರ ಗೆಳೆಯರ ಪುಟ. ಎಲ್ಲರೂ ಅದೇ ಕಾರಿನ ಪಕ್ಕ ಅದೇ ಭಂಗಿಯಲ್ಲಿ ನಿಂತಿದ್ದರು! ಅದೇ ನಂಬರು, ಗಾಜಿನ ಮೇಲೆ ಅದೇ ನಿಂಬೆಹಣ್ಣು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಬಂದು ಗುಟ್ಟಾಗಿ ಹೇಳುತ್ತಿದ್ದರು. ಅತ್ತೆ ವರನ ಪುಟದಲ್ಲೇ, ಲೋಕ ಓದುವ ಹಾಗೆ, ಕಾರು ನಿನ್ನದೋ ಗೆಳೆಯನದೋ ಇಲ್ಲಾ ಫೋಟೋ ಸ್ಟುಡಿಯೋದವರದೋ ಎಂದು ಕೇಳಿಬಿಟ್ಟಳು. ಸಂಜೆಯೊಳಗೆ ಸಂಬಂಧ ಮುರಿಯಿತು. ಚಿಕ್ಕಪ್ಪ ಬಂದು ಮರ್ಯಾದೆ ಹೋಯಿತೆಂದು ಕೂಗಾಡಿದರು. ಮದುವೆಯಾಗಬೇಕಿದ್ದವಳು ಒಳಕೋಣೆಯಲ್ಲಿ ಅತ್ತೆಯ ಕುತ್ತಿಗೆಗೆ ಜೋತುಬಿದ್ದು ನಗುತ್ತಿದ್ದಳು. ಅವಳನ್ನು ಒಂದು ಮಾತು ಯಾರೂ ಕೇಳಿರಲಿಲ್ಲ.

ಇಂಥವಳ ಸ್ನೇಹಿತರ ಗುಂಪಿಗೆ ಒಂದು ದಿನ ರೇಣುಕಾ ಸೇರಿದಳು. ಊರು ಸಂಡೂರಿನ ಹತ್ತಿರದ ಯಶವಂತನಗರ, ವಯಸ್ಸು ಮೂವತ್ತೈದು, ಗೃಹಿಣಿ. ಮುಖದ ಜಾಗದಲ್ಲಿ ಒಂದು ಕೆಂಪು ಗುಲಾಬಿಯ ಚಿತ್ರ. ಗಂಡ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ, ಒಬ್ಬಳೇ ಮಗಳು ಎಂದು ಬರೆದುಕೊಂಡಿದ್ದಳು. ಬಹಳ ಮರ್ಯಾದೆಯವಳು, ಅತ್ತೆಯನ್ನು ಆಂಟಿ ಎನ್ನುತ್ತಿದ್ದಳು. ಆದರೆ ಅವಳು ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ವಿಚಿತ್ರ. ಬೇಳೆ ಬೆಂದಿತೋ ಇಲ್ಲವೋ ಹೇಗೆ ತಿಳಿಯುವುದು? ರೊಟ್ಟಿ ದುಂಡಗೆ ಯಾಕೆ ಬರುವುದಿಲ್ಲ? ಕೆಂಪು ಧೂಳಿನ ಅಂಗಿಯನ್ನು ಬಿಳಿ ಅಂಗಿಯ ಜೊತೆ ನೆನೆಹಾಕಬಹುದೆ? ಅತ್ತೆ ಎಲ್ಲಕ್ಕೂ ಉದ್ದುದ್ದ ಉತ್ತರ ಬರೆಯುವಳು. ಬರೆದು ಮನೆಗೆ ಬಂದು, ಮೂವತ್ತೈದು ವರ್ಷದವಳಿಗೆ ಒಗ್ಗರಣೆ ಹಾಕಲು ಬರುವುದಿಲ್ಲವಲ್ಲ, ಇವಳ ತಾಯಿ ಏನು ಕಲಿಸಿದಳು ಎಂದು ಬೈಯುವಳು.

ಅಪ್ಪನಿಗೆ ಸಂಶಯ ಬಂತು. ಅದು ಹೆಂಗಸೇ ಅಲ್ಲ, ಯಾವನೋ ಮೀಸೆಯವನು ಎಂದರು. ಖಾಜಾ ಭಾಯಿಯವರದೂ ಅದೇ ಅಭಿಪ್ರಾಯ. ಗುಲಾಬಿ ಹೂವಿನ ಚಿತ್ರ ಹಾಕಿಕೊಂಡವರೆಲ್ಲ ಗಂಡಸರೇ, ಇದು ತಮ್ಮ ಅಂಗಡಿಯ ಅನುಭವ ಎಂದರು. ಪೇಪರುಗಳಲ್ಲೂ ಆಗ ಅಂಥ ಮೋಸದ ಸುದ್ದಿಗಳು ಬರುತ್ತಿದ್ದವು. ನಾನೂ ಎಚ್ಚರಿಸಿದೆ. ಅತ್ತೆ ಕೇಳಲಿಲ್ಲ. “ಅಷ್ಟು ವರ್ಷ ಬರೀ ದನಿ ಕೇಳಿ ಮನುಷ್ಯಾರನ್ನ ತಿಳಕೊಂಡೀನಿ. ಇದು ಗಂಡಸಿನ ಮಾತಲ್ಲ,” ಎಂದಳು. ಅಕ್ಷರಕ್ಕೆ ದನಿ ಎಲ್ಲಿರುತ್ತದೆ ಎಂದು ನಾನು ನಕ್ಕೆ.

ಒಂದು ಶನಿವಾರ ಸೈಬರ್ ಅಂಗಡಿಯಿಂದ ಬಂದ ಅತ್ತೆ ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ರೇಣುಕಾ ಎಲ್ಲರಿಗೂ ಕಾಣುವ ಪುಟದಲ್ಲಿ ಬರೆಯದೆ, ಅತ್ತೆಗೊಬ್ಬಳಿಗೇ ಕಾಣುವಂತೆ ಬರೆದಿದ್ದಳಂತೆ: ಆಂಟಿ, ನನಗೆ ಏನೋ ದೊಡ್ಡ ರೋಗ ಬಂದಿದೆ. ರಕ್ತ ಹೋಗುತ್ತಿದೆ. ಮನೆಯಲ್ಲಿ ಹೇಳುವ ಹಾಗಿಲ್ಲ. ನಾನು ಇನ್ನು ಬರುವುದಿಲ್ಲ.

ಅತ್ತೆ ಉತ್ತರದ ಮೇಲೆ ಉತ್ತರ ಬರೆದಿದ್ದಳು. ಆ ಕಡೆಯಿಂದ ಏನೂ ಇಲ್ಲ. ಭಾನುವಾರವೂ ಇಲ್ಲ. ಸೋಮವಾರ ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಆಗಲೂ ಇಲ್ಲ. ಮನೆಯಲ್ಲಿ ಆಕೆಯ ಓಡಾಟ ನೋಡಲಾಗುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸುವಳು, ಎದ್ದು ಹೋಗುವಳು. ಅಪ್ಪ ಸಮಾಧಾನ ಹೇಳಲು ಹೋಗಿ, ಇದೇ ಮೋಸದ ಮೊದಲ ಹೆಜ್ಜೆ, ನಾಳೆ ಚಿಕಿತ್ಸೆಗೆಂದು ದುಡ್ಡು ಕೇಳುತ್ತಾರೆ ನೋಡು ಎಂದರು. ಅತ್ತೆ ಅಪ್ಪನನ್ನು ದಿಟ್ಟಿಸಿ ನೋಡಿ, ಕೇಳಲಿ, ಕೇಳಿದರೆ ಬದುಕಿದ್ದಾಳೆಂದಾದರೂ ತಿಳಿಯುತ್ತದೆ ಎಂದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿ ಆಕೆಯೊಡನೆ ಯಶವಂತನಗರಕ್ಕೆ ಹೊರಟೆ. ಯಾರನ್ನು ಹುಡುಕುವುದು, ಎಲ್ಲಿ ಹುಡುಕುವುದು? ಒಂದು ಹೆಸರು, ಒಂದು ಹೂವಿನ ಚಿತ್ರ. ಇಷ್ಟರ ಮೇಲೆ ಪೊಲೀಸರೂ ಹೊರಡುವುದಿಲ್ಲ. ಘಟ್ಟದ ತಿರುವಿನಲ್ಲಿ ಬಸ್ಸು ಅದಿರಿನ ಲಾರಿಗಳ ಸಾಲಿನ ಹಿಂದೆ ನಿಂತಿತು. ಸಾಲು ಕದಲುವ ಲಕ್ಷಣವಿರಲಿಲ್ಲ. ನಾನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ತೆರೆದು ನೋಡಿದರೆ ಅತ್ತೆ ಪಕ್ಕದಲ್ಲಿಲ್ಲ. ಕೆಳಗಿಳಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಲಾರಿಯಿಂದ ಲಾರಿಗೆ ಹೋಗಿ ಯಶವಂತನಗರದ ರೇಣುಕಾ ಗೊತ್ತೇ ಎಂದು ಡ್ರೈವರುಗಳನ್ನು ವಿಚಾರಿಸುತ್ತಿದ್ದಳು! ಒಬ್ಬ ಡ್ರೈವರ್ ಮಾತ್ರ ಉತ್ಸಾಹದಿಂದ ತಲೆ ಹೊರಹಾಕಿದ.

“ಗೊತ್ತೈತ್ರಿ. ಬಂಡ್ರಿ ಹತ್ರ ಕೆಟ್ಟು ನಿಂತೈತಿ. ನಿನ್ನೆಯಿಂದ ಸ್ಟಾರ್ಟೇ ಆಗವಲ್ದು.”

ರೇಣುಕಾ ಎಂಬ ಹೆಸರಿನ ಲಾರಿ ಅದು. ಬೇರೆ ದಿನವಾಗಿದ್ದರೆ ಅತ್ತೆ ಆ ಡ್ರೈವರನ ಅಜ್ಜನ ಹೆಸರು ಕೇಳಿ, ತಾಣಕ್ಕೆ ಸೇರಿಸಿಯೇ ಬಿಡುತ್ತಿದ್ದಳು. ಅವತ್ತು ಮಾತಾಡದೆ ಬಸ್ಸಿಗೆ ಮರಳಿದಳು. ಆಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಸಂಡೂರಿನಲ್ಲಿ ಬಸ್ಸು ಬದಲಿಸಿ ಯಶವಂತನಗರ ಮುಟ್ಟಿದೆವು. ಒಮ್ಮೆ ರೇಣುಕಾ ತನ್ನ ಮನೆಯ ಹಿಂದಿನ ನೀರಿನ ಟ್ಯಾಂಕಿನ ಮೇಲೆ ನವಿಲು ಬಂದು ಕೂರುತ್ತದೆ ಎಂದು ಬರೆದಿದ್ದಳಂತೆ. ಟ್ಯಾಂಕು ಹುಡುಕುವುದು ಕಷ್ಟವಾಗಲಿಲ್ಲ. ಕೆಲಸಗಾರರ ಸಾಲುಮನೆಗಳ ಹಿಂದೆ ಅದೊಂದೇ ಎತ್ತರಕ್ಕೆ ನಿಂತಿತ್ತು. ಕೆಳಗೆ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕೊಡ ತೊಳೆಯುತ್ತಿದ್ದಳು. ಡಂಪರ್ ಓಡಿಸುವವರ ಹೆಂಡತಿ ರೇಣುಕಾ, ಅವರ ಮನೆ ಯಾವುದು ಎಂದು ಅತ್ತೆ ಕೇಳಿದಳು.

ಆ ಹೆಂಗಸು ಕೊಡ ಕೆಳಗಿಟ್ಟಳು. “ರೇಣುಕವ್ವ ಹೋಗಿ ವರ್ಷದ ಮ್ಯಾಲಾತಲ್ರಿ. ಜ್ವರ ಬಂದು ಹೋದ್ಲು. ನಿಮಗ ಗೊತ್ತಿಲ್ಲೇನು?”

“ಮೊನ್ನೆ ಮೊನ್ನೆ ಮಾತಾಡೀನಿ ಆಕಿ ಜೋಡಿ,” ಎಂದಳು ಅತ್ತೆ.

ಹೆಂಗಸು ನಮ್ಮಿಬ್ಬರನ್ನೂ ಕಾಲಿನಿಂದ ತಲೆಯವರೆಗೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಕೊನೆಯ ಸಾಲಿನ ಮನೆಯತ್ತ ಕೈತೋರಿಸಿ, ಕೊಡದಲ್ಲಿ ನೀರು ತುಂಬುವುದನ್ನೂ ಮರೆತು ಸರಸರ ಹೊರಟುಹೋದಳು.

ಹಾಗಾದರೆ ಅಪ್ಪ ಹೇಳಿದ್ದೇ ನಿಜವೆ? ಸತ್ತವಳ ಹೆಸರಿನಲ್ಲಿ ಯಾರು ಬರೆಯುತ್ತಿದ್ದರು? ವಾಪಸ್ಸು ಹೋಗೋಣ ಎಂದು ಅತ್ತೆಯ ತೋಳು ಹಿಡಿದೆ. ಆಕೆ ಆಗಲೇ ಬಾಗಿಲು ತಟ್ಟುತ್ತಿದ್ದಳು.

ಬಾಗಿಲು ತೆರೆದದ್ದು ಹನ್ನೆರಡು ಹದಿಮೂರರ ಒಂದು ಹುಡುಗಿ. ಬಾಡಿದ ಮುಖ, ಸಿಕ್ಕುಗಟ್ಟಿದ ಕೂದಲು, ಮೈತುಂಬ ಹೊದ್ದ ಕಂಬಳಿ. ಒಳಗಿನಿಂದ ಹೊತ್ತಿದ ಬೇಳೆಯ ವಾಸನೆ ಬರುತ್ತಿತ್ತು. ಅತ್ತೆ ಆ ವಾಸನೆಯನ್ನು ಒಮ್ಮೆ ಎಳೆದುಕೊಂಡಳು. ಹುಡುಗಿಯನ್ನು ನೋಡಿದಳು. ನಾನು ಇನ್ನೂ ಏನೂ ಅರ್ಥವಾಗದೆ ನಿಂತಿದ್ದೆ. ಅತ್ತೆಗೆ ಎಲ್ಲವೂ ಆ ಹೊಸ್ತಿಲಿನಲ್ಲೇ ಅರ್ಥವಾಗಿತ್ತು.

“ಹೊಸಪ್ಯಾಟಿ ಆಂಟಿ ನಾನು,” ಎಂದಳು.

ಹುಡುಗಿ ಗೋಡೆ ಹಿಡಿದುಕೊಂಡಳು. ಓಡಿಹೋಗಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದವರ ಹಾಗೆ ಅತ್ತ ಇತ್ತ ನೋಡಿ, ಕೊನೆಗೆ ಅಳತೊಡಗಿದಳು.

ಹೆಸರು ಮಂಜುಳಾ, ಓದುತ್ತಿದ್ದದ್ದು ಏಳನೆಯ ತರಗತಿ. ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಕಲಿತದ್ದನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಕಂಪ್ಯೂಟರ್ ಅಂಗಡಿಗೆ ಹೋಗಿ ತಾಣಕ್ಕೆ ಸೇರಲು ನೋಡಿದ್ದಳು. ಚಿಕ್ಕವರಿಗೆ ಪ್ರವೇಶವಿಲ್ಲ ಎಂದು ಅದು ಹೇಳಿತಂತೆ. ಅವ್ವನ ಹುಟ್ಟಿದ ವರ್ಷ ಹಾಕಿದಳು, ಅವ್ವನ ಹೆಸರು ಹಾಕಿದಳು, ಬಾಗಿಲು ತೆರೆಯಿತು. ದೊಡ್ಡವರಂತೆ ಮಾತಾಡಿದರೆ ದೊಡ್ಡವರು ಉತ್ತರ ಕೊಡುತ್ತಾರೆ ಎಂದು ಅಡುಗೆ, ಬಟ್ಟೆ ಒಗೆಯುವುದು ಎಲ್ಲವನ್ನೂ ಗೃಹಿಣಿಯಾಗಿ ಕೇಳಿ ಕಲಿತಳು. ಮೊನ್ನೆ ಬಂದ ರೋಗವನ್ನೂ ಹಾಗೇ ಕೇಳಬೇಕೆಂದಿದ್ದಳು. ಆದರೆ ಬರೆದು ಮುಗಿಸಿದ ಮೇಲೆ ನಾಚಿಕೆ, ಹೆದರಿಕೆ ಎರಡೂ ಒಟ್ಟಿಗೆ ಬಂದು ಮನೆ ಸೇರಿ ಬಾಗಿಲು ಹಾಕಿಕೊಂಡಳು. ಸಾಯುವ ದಿನ ಕಾಯುತ್ತ ಶನಿವಾರದಿಂದ ಕಂಬಳಿಯೊಳಗೆ ಮಲಗಿದ್ದಳು. ಅಪ್ಪನಿಗೆ ತಲೆನೋವೆಂದು ಹೇಳಿದ್ದಳು.

ಅತ್ತೆ ನನ್ನನ್ನು ಅಂಗಡಿಗೆ ಅಟ್ಟಿದಳು. ಬೇಕಾದದ್ದನ್ನೆಲ್ಲ ಕೊಂಡು ನಾನು ಮರಳುವಷ್ಟರಲ್ಲಿ ಹುಡುಗಿಯ ಮುಖಕ್ಕೆ ಬಣ್ಣ ಬಂದಿತ್ತು. ಇದು ರೋಗವಲ್ಲ, ತನಗೂ ಬಂದಿತ್ತು, ಇಗೋ ಇವಳಿಗೂ ಬಂದಿತ್ತು, ಹೆಣ್ಣಾಗಿ ಹುಟ್ಟಿದವರಿಗೆಲ್ಲ ಬರುತ್ತದೆ ಎಂದು ಅತ್ತೆ ಒಂದೊಂದಾಗಿ ಬಿಡಿಸಿ ಹೇಳಿದ್ದಳು. ಹುಡುಗಿ ನನ್ನನ್ನು ನಂಬಿಕೆಯಿಲ್ಲದೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಬಿಸಿನೀರು, ಸ್ನಾನ, ಒಣ ಬಟ್ಟೆ, ತುಪ್ಪದ ಅನ್ನ. ಹುಡುಗಿ ಮೂರು ದಿನದ ಹಸಿವನ್ನೆಲ್ಲ ಒಮ್ಮೆಗೇ ಉಂಡಳು.

ಉಂಡಾದ ಮೇಲೆ ಅತ್ತೆ ಅವಳನ್ನು ಮುಂದೆ ಕೂರಿಸಿಕೊಂಡು ಸಿಕ್ಕುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿದಳು. ಎಣ್ಣೆಯ ಜೊತೆಗೇ ಬೈಗುಳವೂ ಶುರುವಾಯಿತು. ಸುಳ್ಳು ವಯಸ್ಸು ಹಾಕಿದ್ದಕ್ಕೆ ಬೈದಳು. ಮುಖ ಕಾಣದವರಿಗೆ ಮನೆಯ ವಿಷಯ, ಮೈಯ ವಿಷಯ ಹೇಳಿದ್ದಕ್ಕೆ ಬೈದಳು. “ನನ್ನ ಬದಲಿ ಬ್ಯಾರೆ ಯಾರರೆ ನಿನ್ನ ಹುಡುಕಿಕೊಂಡು ಬಂದಿದ್ದರ ಏನ್ ಮಾಡ್ತಿದ್ದಿ? ಬಾಗಲಾ ತಗದಿ ಅಲ್ಲ, ಯಾರಂತ ಕೇಳಿದೇನು?” ಎಂದಾಗ ಆಕೆಯ ದನಿ ನಡುಗಿತು. ಇಡೀ ಜಗತ್ತನ್ನು ಯಾರ ಪೈಕಿ ಎಂದು ಕೇಳಿ ಬಿಟ್ಟುಕೊಳ್ಳುತ್ತಿದ್ದ ನಮ್ಮತ್ತೆ ಆ ಜಗತ್ತಿಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ತಲೆ ತಗ್ಗಿಸಿಕೊಂಡು, ಅಪ್ಪನಿಗೆ ಹೇಳಬೇಡಿ ಆಂಟಿ, ಅವ್ವನ ಹೆಸರು ಹಾಕಿದ್ದು ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾನೆ ಎಂದು ಮೆಲ್ಲಗೆ ಹೇಳಿದಳು.

ಅತ್ತೆ ಉತ್ತರ ಕೊಡುವ ಮೊದಲೇ ಹೊರಗೆ ಕಂಪನಿ ಬಸ್ಸು ನಿಂತ ಸದ್ದಾಯಿತು. ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಹುಬ್ಬು, ರೆಪ್ಪೆ, ಕಿವಿಯ ಸಂದಿ ಎಲ್ಲ ಕಡೆ ಕೆಂಪು ಧೂಳು. ತನ್ನ ಮನೆಯ ನಡುವೆ ಪರಿಚಯವಿಲ್ಲದ ಇಬ್ಬರು ಹೆಂಗಸರು, ಅವರಲ್ಲೊಬ್ಬಳು ಮಗಳ ತಲೆ ಬಾಚುತ್ತಿದ್ದಾಳೆ. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರು ನೀವು ಎಂದು ಕೇಳಿದ.

ಯಾವ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಗೊತ್ತಿಲ್ಲದ ನಮ್ಮತ್ತೆ ಈಗ ಎಲ್ಲ ಹೇಳಿಬಿಡುತ್ತಾಳೆ ಎಂದುಕೊಂಡೆ.

“ರೇಣುಕಾನ ಗೆಳತಿ ನಾನು. ಹೊಸಪ್ಯಾಟಿಯಿಂದ ಬಂದೀನಿ,” ಎಂದಳು ಅತ್ತೆ.

ಆತ ಹೊಸ್ತಿಲ ಮೇಲೆ ಕುಸಿದವರ ಹಾಗೆ ಕೂತ. ಹೊಸಪೇಟೆಯಲ್ಲಿ ಅವಳಿಗೊಬ್ಬ ಗೆಳತಿಯಿದ್ದದ್ದೇ ತನಗೆ ತಿಳಿದಿರಲಿಲ್ಲ ಎಂದ. ಹೇಗೆ ಪರಿಚಯ, ಯಾವಾಗ ಎಂದು ಕೇಳಲಿಲ್ಲ. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, ತಲೆ ಎತ್ತದೆ ಕೇಳಿದ.

“ನನ್ ಬಗ್ಗಿ ಏನಾರ ಅಂತಿದ್ಲೇನ್ರಿ ಆಕಿ?”

ಹುಡುಗಿಯ ಬೆನ್ನು ಬಿಗಿಯಾಯಿತು. ಅತ್ತೆ ಕೂದಲನ್ನು ಮೂರು ಎಳೆ ಮಾಡಿ ಹಿಡಿದುಕೊಂಡಳು.

“ಭಾಳ ಅಂತಿದ್ಲಪಾ. ಸಾರಿಗೆ ಉಪ್ಪು ಮರತರೂ ಚಲೋ ಆಗೇದ ಅಂತ ಉಣ್ತಾರ, ಅಂತಿದ್ಲು. ರೊಟ್ಟಿ ಹೊತ್ತಿದ್ದರ ಹೊತ್ತಿದ್ದನ್ನ ತಾವು ತಗೊಂಡು, ಚಲೋದು ನನ್ನ ತಾಟಿಗೆ ಹಾಕ್ತಾರ, ಅಂತಿದ್ಲು. ಶಿಫ್ಟ್ ಮುಗಿಸಿ ಬಂದಾಗ ನನಗ ಎಚ್ಚರ ಆಗಬಾರ್ದು ಅಂತ ಬೂಟ ಹೊರಗ ಬಿಚ್ಚಿ, ಬರಿಗಾಲಿಲೆ ಬಂದು ನನ್ನ ಹೊದಿಕಿ ಸರಿ ಮಾಡ್ತಾರ. ನಾ ಎಚ್ಚರನ ಇರ್ತೀನಿ, ಆದ್ರ ಕಣ್ಣು ತಗಿಯಂಗಿಲ್ಲ, ಅಂತಿದ್ಲು.”

ಇವೆಲ್ಲ ಮಂಜುಳಾ ಬರೆದ ಮಾತುಗಳು. ಅವ್ವನ ಹೆಸರಿನ ಹಿಂದೆ ಕೂತು ಆ ಹುಡುಗಿ ಅಪ್ಪನ ಬಗ್ಗೆ ಇಷ್ಟೆಲ್ಲ ಬರೆದಿದ್ದಳೆಂದು ನನಗೂ ಆಗಲೇ ತಿಳಿದದ್ದು. ಕೇಳುತ್ತ ಕೇಳುತ್ತ ಆತ ತಲೆ ಎತ್ತಿದ. ಅತ್ತೆಯನ್ನು ನೋಡಲಿಲ್ಲ, ಮಗಳನ್ನು ನೋಡಿದ. ಧೂಳಿನ ಮುಖದ ಮೇಲೆ ಎರಡು ಗೆರೆ ಇಳಿದವು. ಎದ್ದು ಬೂಟು ಬಿಚ್ಚಿ ಹೊರಗಿಟ್ಟು, ಒಳಗೆ ಬಂದು ಮಗಳ ಎದುರು ನೆಲದ ಮೇಲೆ ಕೂತ.

“ಇನ್ನೇನಂತಿದ್ಲು?” ಎಂದ.

ಅತ್ತೆ ಜಡೆ ಹೆಣೆಯುತ್ತ ಹೇಳತೊಡಗಿದಳು.